ಬಾಂದು ಕಲ್ಲು ಅಲ್ಲೇ ಇದೆ, ಜಿಪಿಎಸ್ ಗುರುತು ಮಾತ್ರ 7 ಮೀಟರ್ ಸರಿದಿದೆ: ಏಕೆ?

ಪ್ರಶ್ನೆ (ಮುಂಡರಗಿ)
ನಮ್ಮ ಹೊಲದ ಬಾಂದು ಕಲ್ಲುಗಳ ಸ್ಥಾನವನ್ನು ಕೈಯಲ್ಲಿ ಹಿಡಿಯುವ ಜಿಪಿಎಸ್‌ನಲ್ಲಿ ಗುರುತಿಸಿಟ್ಟುಕೊಳ್ಳುತ್ತಿದ್ದೇನೆ. ಬೇವಿನ ಮರದ ಬುಡದ ಕಲ್ಲಿನ ಬಳಿ 9 ಉಪಗ್ರಹಗಳೂ ‘± 3 ಮೀಟರ್’ ಎಂಬ ಅಂಕಿಯೂ ಕಂಡವು. ಮರುದಿನ ಅದೇ ಕಲ್ಲಿನ ಮೇಲೆ ನಿಂತಾಗ ಹಿಂದಿನ ಗುರುತು 7 ಮೀಟರ್ ಆಚೆ ಇತ್ತು. ಸಾಧನ ಕೆಟ್ಟಿದೆಯೇ?

ಉತ್ತರ 1 (ಧಾರವಾಡ)
ಕೆಟ್ಟಿಲ್ಲ, ಸರ್. ಕಲ್ಲು ನಿಜವಾಗಿ ಎಲ್ಲಿದೆ ಎಂಬುದು ಸಾಧನಕ್ಕೆ ತಿಳಿಯದು. ಆದ್ದರಿಂದ ± 3 ಎಂಬುದು ಅಳೆದ ದೋಷವಲ್ಲ, ಅದು ತಾನೇ ಹಾಕಿಕೊಂಡ ಅಂದಾಜು. ಆಂಡ್ರಾಯ್ಡ್ ಫೋನುಗಳಲ್ಲಿ ಇಂಥ ಅಂಕಿಯಷ್ಟು ತ್ರಿಜ್ಯದ ವೃತ್ತದೊಳಗೆ ನಾವು ಇರುವ ಸಂಭವ ಶೇ. 68 ಮಾತ್ರ, ಅಂದರೆ ಮೂರರಲ್ಲಿ ಒಂದು ಸಲ ಹೊರಗೇ ಇರುತ್ತೇವೆ. ಮೊದಲ ದಿನದ ತಪ್ಪು ಪೂರ್ವಕ್ಕೂ ಮರುದಿನದ್ದು ಪಶ್ಚಿಮಕ್ಕೂ ಬಿದ್ದರೆ ಎರಡೂ ಕೂಡಿ 7 ಆಗುವುದು ಸಹಜ.

ಇನ್ನು ಸಾಧನದ ಪರದೆಯಲ್ಲಿ ಕಾಣುವ ಸಿಗ್ನಲ್ ಪಟ್ಟಿಗಳು ಆಯಾ ಉಪಗ್ರಹದ ದನಿ ಎಷ್ಟು ಗಟ್ಟಿಯಾಗಿ ಕೇಳಿಸುತ್ತಿದೆ ಎಂಬುದನ್ನಷ್ಟೇ ಹೇಳುತ್ತವೆ. ಉಪಗ್ರಹಗಳೆಲ್ಲ ಆಕಾಶದ ಒಂದೇ ಮಗ್ಗುಲಿಗೆ ಸೇರಿದ್ದರೆ, ಒತ್ತಟ್ಟಿಗಿರುವ ಎರಡು ಕಲ್ಲುಗಳಿಂದ ಹಗ್ಗ ಹಿಡಿದು ದೂರದ ಮೂಲೆಯನ್ನು ಹುಡುಕಿದಂತಾಗುತ್ತದೆ. ಆಕಾಶದಲ್ಲಿ ಉಪಗ್ರಹಗಳ ಹರವು ಹೇಗಿದೆ ಎಂಬುದನ್ನು ಎಚ್‌ಡಿಒಪಿ ಎಂಬ ಅಂಕಿ ತೋರಿಸುತ್ತದೆ. ಅದು 1ರ ಆಸುಪಾಸಿನಲ್ಲಿದ್ದರೆ ಉತ್ತಮ, 5 ದಾಟಿದರೆ ಆ ಗುರುತನ್ನು ನಾನಂತೂ ಬರೆದುಕೊಳ್ಳುವುದಿಲ್ಲ. ಹತ್ತಿರದಲ್ಲಿ ತಗಡಿನ ಶೆಡ್ ಇದೆಯೇ? ತಗಡಿಗೆ ಬಡಿದು ಬರುವ ಸಿಗ್ನಲ್ ಗಟ್ಟಿಯಾಗಿಯೇ ಇದ್ದರೂ ಸುತ್ತು ಹಾದಿಯಲ್ಲಿ ಬಂದಿರುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ತಡವಾದರೂ ಲೆಕ್ಕದಲ್ಲಿ ದೂರ 30 ಸೆಂ.ಮೀ. ಹೆಚ್ಚುತ್ತದೆ.

ಉತ್ತರ 2 (ಹುಬ್ಬಳ್ಳಿ)
ಸಾಧನದಲ್ಲಿ ಎಸ್‌ಬಿಎಎಸ್ (ಬೇರೆ ಉಪಗ್ರಹದ ಮೂಲಕ ತಿದ್ದುಪಡಿ ಪಡೆಯುವ) ಆಯ್ಕೆ ಇದ್ದರೆ ಚಾಲೂ ಮಾಡಿರಿ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರದ ‘ಗಗನ್’ ಇಂಥದೇ ವ್ಯವಸ್ಥೆ; ಅದು ಅಯಾನುಗೋಳದಿಂದ (ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ಪದರದಿಂದ) ಆಗುವ ವಿಳಂಬವನ್ನು ತಿದ್ದುತ್ತದೆ. ಆದರೆ ಮರದ, ತಗಡಿನ ತೊಂದರೆಯನ್ನು ಅದು ತಿದ್ದಲಾರದು.

ಪ್ರಶ್ನೆ ಕೇಳಿದವರು
ಶೆಡ್ ಇದೆ, ಹತ್ತು ಹೆಜ್ಜೆಯಲ್ಲಿಯೇ! ಬೇರೆ ಬೇರೆ ಹೊತ್ತಿನಲ್ಲಿ ಹಲವು ಸಲ ಅಳೆದು ಸರಾಸರಿ ತೆಗೆದರೆ ಗಡಿ ನಿರ್ಧರಿಸಬಹುದೇ?

ಉತ್ತರ 1 (ಧಾರವಾಡ)
ಸರಾಸರಿಯಿಂದ ಗುರುತು ಸುಧಾರಿಸುತ್ತದೆ, ಕಲ್ಲನ್ನು ಮತ್ತೆ ಹುಡುಕಲು ಅದು ಸಾಕು. ಗಡಿಗೆ ಬೇಡ. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 64 ಮೀಟರ್; ಒಂದು ಬದಿ 3 ಮೀಟರ್ ಸರಿದರೆ ಹೆಚ್ಚುಕಡಿಮೆ ಎರಡು ಗುಂಟೆ ಹೋಗುತ್ತದೆ. ಅದಕ್ಕೆ ನೆಲದ ಮೇಲಿನ ಕೇಂದ್ರದಿಂದ ಆಗಿಂದಾಗಲೇ ತಿದ್ದುಪಡಿ ಪಡೆಯುವ, ಸೆಂಟಿಮೀಟರ್ ಮಟ್ಟದ ಆರ್‌ಟಿಕೆ ಉಪಕರಣದೊಂದಿಗೆ ಸರ್ವೇಯರ್ ಅವರೇ ಬರಬೇಕು.