ಆಫ್‌ರೋಡ್ ಪಿಕಪ್‌ನ ಕ್ಲಚ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಬಹುದಾ? ಮಾಡಿದವರು ದಯವಿಟ್ಟು ಹೇಳಿ

ಕೆಸರುಗಾಲಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಫೋರ್ ಬೈ ಫೋರ್ ಪಿಕಪ್. 2.5 ಲೀಟರ್ ಟರ್ಬೊ ಡೀಸೆಲ್, ಮ್ಯಾನ್ಯುಯಲ್ ಗೇರ್. ವಾಟರ್ ಪಂಪ್ ಶಾಫ್ಟ್ ಮೇಲೆ ಕೂರುವ ಕ್ಲಚ್ ಫ್ಯಾನ್ (ಎಂಜಿನ್ ಬೆಲ್ಟಿನಿಂದಲೇ ತಿರುಗುವ, ಬಿಸಿಯಾದಾಗ ಬಿಗಿಯಾಗುವ ರೇಡಿಯೇಟರ್ ಫ್ಯಾನ್), ಗಾಡಿ ಜೊತೆ ಬಂದಿದ್ದೇ ಇನ್ನೂ ಇದೆ.

ಟಾರ್ ರೋಡಿನಲ್ಲಿ ದಿನವಿಡೀ ಓಡಿಸಿದರೂ ತೊಂದರೆ ಇಲ್ಲ. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ನಿಂತಿರುತ್ತದೆ. ಆದರೆ ಕಲ್ಲು ದಾರಿಯಲ್ಲಿ ಲೋ ರೇಂಜ್ (ನಿಧಾನಕ್ಕೆ, ಜಾಸ್ತಿ ಎಳೆತದಲ್ಲಿ ಹೋಗುವ ಗೇರ್) ಹಾಕಿ, ಫಸ್ಟ್ ಗೇರಿನಲ್ಲಿ 1,200 ಆರ್‌ಪಿಎಂನಲ್ಲಿ ಹತ್ತಿಸುತ್ತಾ ಹೋದರೆ 20 ನಿಮಿಷದಲ್ಲಿ ಮುಳ್ಳು ಮೇಲೆ ಏರೋಕೆ ಶುರು. ಕೆಂಪು ಗೆರೆ ಹತ್ತಿರ ಬರುತ್ತಿದ್ದ ಹಾಗೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 2,000ಕ್ಕೆ ಆಕ್ಸಿಲರೇಟರ್ ಒತ್ತಿ ಹಿಡಿದರೆ ನಿಧಾನವಾಗಿ ಇಳಿಯುತ್ತದೆ. ಹಿಂದೆ ಬರುವವರೆಲ್ಲ ನನಗೋಸ್ಕರ ಕಾಯಬೇಕು.

ಇನ್ನೊಂದು ಭಯ ನೀರಿನದು. ಹೋದ ಸಲ ಜೊತೆಗೆ ಬಂದ ಗೆಳೆಯನ ಗಾಡಿ ಹೊಳೆ ದಾಟುವಾಗ ಫ್ಯಾನಿನ ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊರೆದುಬಿಟ್ಟಿತು. ಹಸಿರು ಕೂಲಂಟ್ ಎಲ್ಲ ನೀರಿಗೆ ಹೋಯಿತು. ಗಾಡಿಯನ್ನು ಎಳೆದು ತರಬೇಕಾಯಿತು.

ಎಲೆಕ್ಟ್ರಿಕ್ ಫ್ಯಾನ್ ಹಾಕಿದರೆ ಈ ಎರಡೂ ತೊಂದರೆ ಹೋಗುತ್ತವಾ? ಆಲ್ಟರ್ನೇಟರ್ (ಎಂಜಿನ್ ತಿರುಗುವಾಗ ಕರೆಂಟ್ ಕೊಡುವ ಯಂತ್ರ) 65 ಆಂಪ್ಸ್‌ದು, ಸಾಕಾಗುತ್ತಾ? ಬಿಸಿ ನೋಡಿ ಫ್ಯಾನ್ ಆನ್ ಮಾಡುವ ಸೆನ್ಸರ್ ಎಲ್ಲಿ ಹಾಕಬೇಕು? ಮಾಡಿದವರ ಅನುಭವ ಬೇಕು.

ಹಳೇಗೇರ್ ಬರೆದದ್ದು:

ನಮಸ್ಕಾರ ಸರ್. ನಾಲ್ಕು ವರ್ಷದ ಹಿಂದೆ ನನ್ನ ಗಾಡಿಗೆ ಇದೇ ಕೆಲಸ ನಾನೇ ಕೈಯಾರೆ ಮಾಡಿದೆ. ಮೊದಲ ಸಲ ತಪ್ಪು ಮಾಡಿ, ಎರಡನೇ ಸಲ ಸರಿ ಮಾಡಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ವೇಗವಾಗಿ ಹೋದಾಗ ಬಿಸಿ ಆಗುವುದಿಲ್ಲ, ನಿಧಾನಕ್ಕೆ ಹೋದಾಗ ಆಗುತ್ತದೆ ಅಂದರೆ ಕೊರತೆ ಇರುವುದು ಗಾಳಿಯದು. ಉಲ್ಟಾ ಆಗಿದ್ದರೆ, ಅಂದರೆ ಹೈವೇಯಲ್ಲಿ ಬಿಸಿಯಾಗಿ ನಿಧಾನಕ್ಕೆ ಹೋದಾಗ ಸರಿ ಇದ್ದಿದ್ದರೆ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ ಅಥವಾ ನೀರು ಸರಿಯಾಗಿ ಸುತ್ತುತ್ತಿಲ್ಲ ಅಂತ ಅನುಮಾನ ಪಡಬೇಕಿತ್ತು. ಆಗ ಯಾವ ಫ್ಯಾನ್ ಹಾಕಿದರೂ ಪ್ರಯೋಜನ ಇಲ್ಲ. ನೀವು 2,000ಕ್ಕೆ ಏರಿಸಿದಾಗ ಮುಳ್ಳು ಇಳಿಯುತ್ತದೆ ಅಲ್ವಾ, ಅದು ಫ್ಯಾನ್ ಜೋರಾಗಿ ತಿರುಗಿದ್ದಕ್ಕೆ. ಎಂಜಿನ್ ನಿಧಾನ ಇದ್ದರೆ ಕ್ಲಚ್ ಫ್ಯಾನೂ ನಿಧಾನ. ಎಲೆಕ್ಟ್ರಿಕ್ ಫ್ಯಾನಿಗೆ ಆ ಹಂಗಿಲ್ಲ. ಐಡಲ್‌ನಲ್ಲೂ ಪೂರ್ತಿ ವೇಗದಲ್ಲಿ ತಿರುಗುತ್ತದೆ. ನಿಮ್ಮ ತರಹದ ಓಡಾಟಕ್ಕೆ ಅದರ ನಿಜವಾದ ಲಾಭ ಇದೇ. ಮೈಲೇಜ್ ಜಾಸ್ತಿ ಬರುತ್ತದೆ ಅಂತ ಹಾಕುವವರಿದ್ದಾರೆ, ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಕಾಣಲಿಲ್ಲ.

ಆದರೆ ಬಿಚ್ಚುವ ಮೊದಲು ಎರಡು ಕೆಲಸ ಮಾಡಿ. ಒಂದು, ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದೆ ಕೂರುವ ಎಸಿಯ ಜಾಲರಿ) ಮತ್ತು ರೇಡಿಯೇಟರ್ ಮಧ್ಯದ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಮುಂದಿನಿಂದ ನೋಡಿದರೆ ಎಲ್ಲ ಚೊಕ್ಕಟ ಕಾಣುತ್ತದೆ. ಒಳಗೆ ಒಣಗಿದ ಕೆಸರು, ಹುಲ್ಲಿನ ಬೀಜ, ಸತ್ತ ಹುಳ ಎಲ್ಲ ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ತಗಡಿನ ಫಿನ್‌ಗಳು ಮಡಚಿಕೊಳ್ಳುತ್ತವೆ.

ಎರಡು, ಕ್ಲಚ್ ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಿಂದ ತಿರುಗಿಸಿ. ಎಣ್ಣೆಯಲ್ಲಿ ಸೌಟು ತಿರುಗಿಸಿದ ಹಾಗೆ ಬಿಗಿ ಸಿಗಬೇಕು, ಕೈ ಬಿಟ್ಟ ತಕ್ಷಣ ನಿಲ್ಲಬೇಕು. ಮೂರು ನಾಲ್ಕು ಸುತ್ತು ಸಲೀಸಾಗಿ ಹೋದರೆ ಕ್ಲಚ್ ಸತ್ತಿದೆ. ಅದರ ಒಳಗಿನ ಸಿಲಿಕೋನ್ ಎಣ್ಣೆ ಸೋರಿದ್ದರೆ ಹಬ್ ಸುತ್ತ ಕಪ್ಪು ಜಿಡ್ಡು ಧೂಳು ಹಿಡಿದಿರುತ್ತದೆ.

ಇವೆರಡೂ ನೋಡಿದ ಮೇಲೂ ಹಾಕಬೇಕು ಅನ್ನಿಸಿದರೆ, ನನ್ನ ಮೊದಲ ಸಲದ ತಪ್ಪುಗಳನ್ನು ಹೇಳುತ್ತೇನೆ ಕೇಳಿ.

ನಾನು ದೊಡ್ಡದೊಂದು 16 ಇಂಚಿನ ಫ್ಯಾನ್ ತಂದು, ಅದರ ಜೊತೆ ಬಂದ ಪ್ಲಾಸ್ಟಿಕ್ ಟೈಗಳನ್ನು ರೇಡಿಯೇಟರ್ ಫಿನ್‌ಗಳ ಮಧ್ಯೆ ತೂರಿಸಿ ಕಟ್ಟಿದೆ. ಶ್ರೌಡ್, ಅಂದರೆ ಗಾಳಿ ಪೂರ್ತಿ ರೇಡಿಯೇಟರ್ ಮೂಲಕ ಬರುವ ಹಾಗೆ ಫ್ಯಾನ್ ಸುತ್ತ ಕೂರಿಸುವ ಹೊದಿಕೆ, ಹಾಕಲಿಲ್ಲ. ಆರು ತಿಂಗಳಲ್ಲಿ ಕುಲುಕಾಟಕ್ಕೆ ಆ ಟೈ ಗರಗಸದ ಹಾಗೆ ಉಜ್ಜಿ ಒಂದು ಟ್ಯೂಬ್ ತೂತಾಯಿತು. ಕೆಳಗೆ ಹನಿ ಬೀಳುತ್ತಿರಲಿಲ್ಲ. ಬಿಸಿ ಮೇಲೆ ಆವಿಯಾಗಿ, ಫಿನ್ ಮೇಲೆ ಬಿಳಿ ಪುಡಿಯ ಗುರುತು ಮಾತ್ರ ಉಳಿದಿತ್ತು. ಅದನ್ನು ಹುಡುಕುವುದಕ್ಕೆ ಒಂದು ಇಡೀ ಭಾನುವಾರ ಹೋಯಿತು. ಆಫ್‌ರೋಡ್ ಗಾಡಿಗೆ ಆ ಟೈ ಖಂಡಿತ ಬೇಡ. ಫ್ಯಾನಿನ ಭಾರ ರೇಡಿಯೇಟರ್ ಪಕ್ಕದ ಗಟ್ಟಿ ಪಟ್ಟಿಯ ಮೇಲೆ ಬೀಳಬೇಕು, ಫಿನ್ ಮೇಲಲ್ಲ.

ಶ್ರೌಡ್ ಇಲ್ಲದಿದ್ದರೆ ಏನಾಗುತ್ತದೆ ಅಂದರೆ, ಫ್ಯಾನಿನ ಎದುರಿಗಿರುವ ವೃತ್ತದಷ್ಟು ಜಾಗದಲ್ಲಿ ಮಾತ್ರ ಗಾಳಿ ಎಳೆಯುತ್ತದೆ. ನಾಲ್ಕು ಮೂಲೆ ಸುಮ್ನೆ ಇರುತ್ತವೆ. ನಾನು ಒಂದು ಕಾಗದ ಹಿಡಿದು ನೋಡಿದೆ. ಮಧ್ಯದಲ್ಲಿ ಗ್ರಿಲ್‌ಗೆ ಅಂಟಿಕೊಂಡಿತು, ಮೂಲೆಗೆ ಹಿಡಿದರೆ ಜಾರಿ ಬಿತ್ತು. ಎರಡನೇ ಸಲ 2 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆ ಬಗ್ಗಿಸಿ ಪೂರ್ತಿ ರೇಡಿಯೇಟರ್ ಮುಚ್ಚುವ ಶ್ರೌಡ್ ಮಾಡಿದೆ. ಫಿನ್‌ಗೂ ರೆಕ್ಕೆಗೂ ಮಧ್ಯೆ ಎರಡು ಬೆರಳು ದಪ್ಪ ಜಾಗ, ಅಂಚಿಗೆಲ್ಲ ಸ್ಪಾಂಜ್ ಪಟ್ಟಿ. ಮೂಲೆಗಳಲ್ಲಿ ರಬ್ಬರ್ ಮುಚ್ಚಳ ಇಟ್ಟೆ. ನಿಂತಾಗ ಮುಚ್ಚಿರುತ್ತವೆ, ವೇಗವಾಗಿ ಹೋದಾಗ ಎದುರುಗಾಳಿಗೆ ತಾವೇ ತೆರೆಯುತ್ತವೆ. ಅದೇ ಫ್ಯಾನ್, ಅದೇ ರೇಡಿಯೇಟರ್, ಆದರೆ ಬೇರೆ ಗಾಡಿ ಅನ್ನುವಷ್ಟು ವ್ಯತ್ಯಾಸ ಬಂತು.

ಈಗ ವೈರಿಂಗ್. ಇದರಲ್ಲಿ ಕಂಜೂಸಿ ಬೇಡ. ನನ್ನ ಫ್ಯಾನ್ ಓಡುವಾಗ 28 ಆಂಪ್ಸ್ ಎಳೆಯುತ್ತದೆ, ಶುರುವಾಗುವ ಕ್ಷಣಕ್ಕೆ ಅದರ ಎರಡು ಮೂರು ಪಟ್ಟು. ಮೊದಲು 2.5 ಚದರ ಮಿಲಿಮೀಟರ್ ವೈರ್ ಹಾಕಿ, ಅರ್ಥ್ ಅನ್ನು ಅಲ್ಲೇ ಪಕ್ಕದ ಬಾಡಿ ತಗಡಿಗೆ ಬಿಗಿದಿದ್ದೆ. ಮೀಟರ್ ಇಟ್ಟು ನೋಡಿದಾಗ ಬ್ಯಾಟರಿಯಲ್ಲಿ 13.6 ವೋಲ್ಟ್, ಫ್ಯಾನಿನ ಬಳಿ 11.4. ಎರಡು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಮಾಯ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್) ಕೂರುವ ಸಾಕೆಟ್ ಕೂಡ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿತ್ತು. ಆಮೇಲೆ 6 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದು, ಅರ್ಥ್ ಅನ್ನು ನೇರ ಬ್ಯಾಟರಿ ನೆಗೆಟಿವ್‌ಗೆ ಕೊಟ್ಟೆ, ಸಾಕೆಟ್ ಬದಲಾಯಿಸಿದೆ. ಈಗ ಫ್ಯಾನಿನ ಬಳಿ 13.1 ಇದೆ. ಫ್ಯಾನಿನ ಸದ್ದೇ ಬದಲಾಯಿತು.

ರಿಲೇಯಲ್ಲಿ 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರಬೇಕು, 87ರಿಂದ ಫ್ಯಾನಿಗೆ. 85, 86 ಕಾಯಿಲ್‌ಗೆ. ಫ್ಯೂಸ್ 40 ಆಂಪ್ಸ್‌ದು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ರಿಲೇ ಮಾತ್ರ 40 ಆಂಪ್ಸ್‌ದೇ ಹಾಕಬೇಡಿ, 70ರದ್ದು ಹಾಕಿ. ಬಾನೆಟ್ ಕೆಳಗಿನ ಬಿಸಿಯಲ್ಲಿ ಅದರ ಮೇಲೆ ಬರೆದಷ್ಟು ಹೊರೆ ಗಂಟೆಗಟ್ಟಲೆ ತಡೆಯುವುದು ಕಷ್ಟ.

ಸೆನ್ಸರ್ ವಿಷಯ. ಫಿನ್ ಒಳಗೆ ಕಡ್ಡಿ ಚುಚ್ಚುವ ನಮೂನೆ ಬೇಡ. ಸುತ್ತಲಿನ ಗಾಳಿಯಿಂದ ತಪ್ಪು ತೋರಿಸುತ್ತದೆ, ತಡವಾಗಿಯೂ ತೋರಿಸುತ್ತದೆ. ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ ಮಧ್ಯೆ ಅಡಾಪ್ಟರ್ ಹಾಕಿ, ಥ್ರೆಡ್ ಇರುವ ಸೆನ್ಸರ್ ಕೂರಿಸಿ. ಸಿಲಿಂಡರ್ ಹೆಡ್‌ನಲ್ಲಿ ಖಾಲಿ ತೂತು ಇದ್ದರೆ ಇನ್ನೂ ಒಳ್ಳೆಯದು. ನನ್ನ ಥರ್ಮೋಸ್ಟಾಟ್ (ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) 82 ಡಿಗ್ರಿಗೆ ತೆರೆಯಲು ಶುರುಮಾಡುತ್ತದೆ. ಫ್ಯಾನ್ 95ಕ್ಕೆ ಆನ್, 89ಕ್ಕೆ ಆಫ್. ಬೇಗ ತಣ್ಣಗಾಗಲಿ ಅಂತ ಆಫ್ ಆಗುವ ಮಟ್ಟವನ್ನು 80ಕ್ಕೆ ಇಟ್ಟರೆ ಫ್ಯಾನ್ ನಿಲ್ಲುವುದೇ ಇಲ್ಲ. ಥರ್ಮೋಸ್ಟಾಟ್ ನೀರನ್ನು ಅಷ್ಟು ಕೆಳಕ್ಕೆ ಬಿಡುವುದಿಲ್ಲವಲ್ಲ.

ಆಲ್ಟರ್ನೇಟರ್ 65 ಅಂದಿರಿ. ಅದು ಎಂಜಿನ್ ಜೋರಾಗಿ ತಿರುಗುವಾಗಿನ ಲೆಕ್ಕ. ಐಡಲ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಸಿಗಬಹುದು. ನಿಮಗೆ ಫ್ಯಾನ್ ಬೇಕಾಗುವುದೇ ನಿಧಾನ ಇರುವಾಗ. ಫ್ಯಾನಿಗೆ 28, ಹೆಡ್‌ಲೈಟ್‌ಗೆ 10, ಎಸಿ ಬ್ಲೋವರ್ ಬೇರೆ. ಹಗಲು ನಡೆಯುತ್ತದೆ, ರಾತ್ರಿ ಎಲ್ಲ ಆನ್ ಮಾಡಿ ವಿಂಚ್ ಎಳೆದರೆ ಬ್ಯಾಟರಿ ಇಳಿಯುತ್ತದೆ. ನಾನು ಆರು ತಿಂಗಳು ನೋಡಿ ಆಮೇಲೆ 100 ಆಂಪ್ಸ್‌ದು ಹಾಕಿದೆ.

ಕೊನೆಗೆ ನೀರು. ಡ್ಯಾಶ್‌ಬೋರ್ಡಿನಲ್ಲಿ ಫ್ಯಾನ್ ನಿಲ್ಲಿಸುವ ಒಂದು ಸ್ವಿಚ್ ಇಡಿ. ಅದನ್ನು ರಿಲೇ ಕಾಯಿಲ್‌ನ ದಾರಿಯಲ್ಲಿ ಹಾಕಿದರೆ ಕಾಲು ಆಂಪ್ಸ್ ಕೂಡ ಹರಿಯುವುದಿಲ್ಲ, ಸಣ್ಣ ಸ್ವಿಚ್ ಸಾಕು. ನೀರಿಗೆ ಇಳಿಯುವ ಮೊದಲು ಆಫ್ ಮಾಡಿ, ರೆಕ್ಕೆ ಪೂರ್ತಿ ನಿಲ್ಲಲಿ. ಆಚೆ ದಡ ಹತ್ತಿದ ಮೇಲೆ ನೀರು ಬಸಿಯಲು ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಅದರ ಪಕ್ಕ ಒಂದು ಕೆಂಪು ದೀಪ ಇರಲೇಬೇಕು, ಸ್ವಿಚ್ ಆಫ್ ಇರುವಷ್ಟು ಹೊತ್ತೂ ಉರಿಯುವ ಹಾಗೆ. ದಾಟಿದ ಖುಷಿಯಲ್ಲಿ ಆನ್ ಮಾಡುವುದು ಮರೆತುಹೋಗುತ್ತದೆ, ಎಂಜಿನ್ ಹೆಡ್ ಹೋಗುವುದಕ್ಕೆ ಅಷ್ಟೇ ಸಾಕು.

ಮರಳುದಾರಿ ಬರೆದದ್ದು:

ಹಳೇಗೇರ್ ಅವರು ಹೇಳಿದ ವೈರಿಂಗ್ ಎಲ್ಲ ಸರಿ. ಆದರೂ ನನ್ನ ಅಭಿಪ್ರಾಯ ಬೇರೆ. ನಾನು ಟ್ರೇಲರ್ ಎಳೆದುಕೊಂಡು ಆಳವಾದ ಮರಳಿನಲ್ಲಿ ಓಡಿಸುತ್ತೇನೆ. ಅಲ್ಲಿ ಎಂಜಿನ್ 3,000ದಲ್ಲಿ ಒದ್ದಾಡುತ್ತಿರುತ್ತದೆ, ಗಾಡಿ 20 ಕಿಲೋಮೀಟರ್ ವೇಗ ದಾಟುವುದಿಲ್ಲ. ಎದುರುಗಾಳಿ ಇಲ್ಲ, ಹೊರೆ ಪೂರ್ತಿ. ಆಗ ಬಿಗಿಯಾದ ಕ್ಲಚ್ ಫ್ಯಾನ್ ಎಂಜಿನ್ನಿನಿಂದ ಕಿಲೋವ್ಯಾಟ್‌ಗಟ್ಟಲೆ ಶಕ್ತಿ ತೆಗೆದುಕೊಂಡು ಗಾಳಿ ಎಳೆಯುತ್ತದೆ. 28 ಆಂಪ್ಸ್ ಫ್ಯಾನ್ ಅಂದರೆ 400 ವ್ಯಾಟ್ ಕೂಡ ಇಲ್ಲ. ನಾನು ಒಮ್ಮೆ ಎಲೆಕ್ಟ್ರಿಕ್ ಹಾಕಿ, ಒಂದು ಬೇಸಿಗೆ ಓಡಿಸಿ, ವಾಪಸ್ ಕ್ಲಚ್ ಫ್ಯಾನಿಗೇ ಬಂದೆ.

ಜೊತೆಗೆ ಅದಕ್ಕೆ ಫ್ಯೂಸ್ ಇಲ್ಲ, ರಿಲೇ ಇಲ್ಲ. ಬೆಲ್ಟ್ ಇರುವವರೆಗೆ ತಿರುಗುತ್ತದೆ. ಕೆಸರುಗಾಲಿ ಅವರೇ, ಮೊದಲು ಹೊಸ ಕ್ಲಚ್ ಹಾಕಿ ನೋಡಿ. ನೀರು ದಾಟುವಾಗ ಗ್ರಿಲ್ ಮುಂದೆ ದಪ್ಪ ಟಾರ್ಪಾಲಿನ್ ಕಟ್ಟಿಕೊಂಡು, ನಿಲ್ಲದೆ, ಒಂದೇ ನಿಧಾನದ ವೇಗದಲ್ಲಿ ಹೋದರೆ ಬಾನೆಟ್ ಒಳಗೆ ನೀರಿನ ಮಟ್ಟ ಕಡಿಮೆ ಇರುತ್ತದೆ. ನಾನು ಹಾಗೇ ದಾಟುತ್ತೇನೆ.

ಹಳೇಗೇರ್ ಬರೆದದ್ದು:

ಮರಳುದಾರಿ ಅವರ ಮಾತು ಒಪ್ಪುತ್ತೇನೆ. ಮರಳಿನಲ್ಲಿ ಹೊರೆ ಎಳೆಯುವವರಿಗೆ ನಾನೂ ಕ್ಲಚ್ ಫ್ಯಾನನ್ನೇ ಹೇಳುತ್ತೇನೆ. ಕಲ್ಲು ದಾರಿಯ ಕೆಲಸವೇ ಬೇರೆ. ಅಲ್ಲಿ ಎಂಜಿನ್ ಉಂಟುಮಾಡುವ ಬಿಸಿ ಕಡಿಮೆ, ಗಾಳಿ ಅದಕ್ಕಿಂತ ಕಡಿಮೆ. ಆ ಸ್ವಲ್ಪ ಗಾಳಿ ಬಿಡದೆ ಸಿಕ್ಕಿದರೆ ಸಾಕು.

ಕೆಸರುಗಾಲಿ ಬರೆದದ್ದು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ಕಂಡೆನ್ಸರ್ ಬಿಚ್ಚಿ ಮುಂದಕ್ಕೆ ಸರಿಸಿ ನೋಡಿದೆ. ಹಳೇಗೇರ್ ಹೇಳಿದ್ದು ಅಕ್ಷರಶಃ ನಿಜ. ರೇಡಿಯೇಟರಿನ ಕೆಳಗಿನ ಮೂರನೇ ಒಂದು ಭಾಗ ಇಟ್ಟಿಗೆ ತರಹ ಗಟ್ಟಿ. ನೆನೆಸಿ ನೆನೆಸಿ ತೊಳೆದೆ, ಒಂದು ಬಕೆಟ್ ತಳ ಮುಚ್ಚುವಷ್ಟು ಮಣ್ಣು ಬಂತು. ಅದೇ ಕಲ್ಲು ದಾರಿಗೆ ಮತ್ತೆ ಹೋದೆ. 20 ನಿಮಿಷಕ್ಕೆ ಬಿಸಿಯಾಗುತ್ತಿದ್ದದ್ದು 40 ನಿಮಿಷ ತಡೆಯಿತು. ಆದರೆ ಆಮೇಲೆ ಮುಳ್ಳು ಏರಿಯೇ ಏರಿತು. ಅಲ್ಲೇ ಆಫ್ ಮಾಡಿ ಫ್ಯಾನ್ ತಿರುಗಿಸಿದೆ, ಐದು ಸುತ್ತು ಆರಾಮಾಗಿ ಹೋಯಿತು. ಹಬ್ ಸುತ್ತ ಜಿಡ್ಡೂ ಇದೆ.

ಹೇಗಿದ್ದರೂ ಕ್ಲಚ್ ಬದಲಾಯಿಸಲೇಬೇಕು. ನಾನು ಟ್ರೇಲರ್ ಎಳೆಯುವುದಿಲ್ಲ, ಹೊಳೆ ದಾಟುವುದು ಜಾಸ್ತಿ. ಅದಕ್ಕೆ ಎಲೆಕ್ಟ್ರಿಕ್ ಅಂತಲೇ ತೀರ್ಮಾನ ಮಾಡಿದ್ದೇನೆ. ಶ್ರೌಡ್ ಅಳತೆಗೆ ರಟ್ಟು ಕತ್ತರಿಸಿ ಇಟ್ಟಾಗಿದೆ. ಹಳೆಯ ಫ್ಯಾನ್, ಕ್ಲಚ್ ಎರಡನ್ನೂ ಎತ್ತಿಡುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ಕ್ಲಚ್ ಬಿಚ್ಚಿದರೆ ವಾಟರ್ ಪಂಪ್ ಪುಲ್ಲಿ ಹಿಡಿದಿರುವುದೂ ಅದೇ ನಾಲ್ಕು ಸ್ಟಡ್ (ನಟ್ ಕೂರುವ ಥ್ರೆಡ್ ಕಡ್ಡಿ). ನಟ್‌ಗಳನ್ನು ಹಾಗೇ ವಾಪಸ್ ಹಾಕಿದರೆ ಸಾಕಾ?

ಹಳೇಗೇರ್ ಬರೆದದ್ದು:

ಸಾಕಾಗುವುದಿಲ್ಲ. ಕ್ಲಚ್‌ನ ಚಾಚು (ಸ್ಟಡ್ ಮೇಲೆ ಕೂರುವ ತಟ್ಟೆ) ಅಲ್ಲಿ ಕೆಲವು ಮಿಲಿಮೀಟರ್ ದಪ್ಪ ತುಂಬಿತ್ತು. ಅದು ಹೋದ ಮೇಲೆ ನಟ್ ಥ್ರೆಡ್ ಮುಗಿಯುವಲ್ಲಿಗೆ ಹೋಗಿ ನಿಲ್ಲುತ್ತದೆ. ಪಾನಾಗೆ ಬಿಗಿಯಾದ ಹಾಗೆ ಅನ್ನಿಸುತ್ತದೆ, ಪುಲ್ಲಿ ಮಾತ್ರ ಸಡಿಲವಾಗಿಯೇ ಇರುತ್ತದೆ. ಚಾಚಿನಷ್ಟೇ ದಪ್ಪದ ಉಕ್ಕಿನ ವಾಷರ್ ಹಾಕಿ ಬಿಗಿಯಿರಿ. ಪುಲ್ಲಿ ಮಧ್ಯದ ತೂತು ಪಂಪ್ ಶಾಫ್ಟಿನ ಮೂತಿಯ ಮೇಲೆ ಸರಿಯಾಗಿ ಕೂತಿದೆಯಾ ಅಂತ ಬೆಲ್ಟ್ ಹಾಕುವ ಮೊದಲೇ ಕೈಯಲ್ಲಿ ತಿರುಗಿಸಿ ನೋಡಿ, ಓಲಾಡಬಾರದು. ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಪಾನಾ ಹಾಕಿ. ಶ್ರೌಡ್ ಆದ ಮೇಲೆ ಫೋಟೋ ಹಾಕಿ ಸರ್, ನೋಡಬೇಕು.