ಹಾರುವ ಗರುಡನ ಬಿಳಿ ತಲೆ ಫೋಟೋದಲ್ಲಿ ಉಳಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಮಂಡ್ಯ)
ನಮಸ್ಕಾರ. 150–600 ಎಂಎಂ ಜೂಮ್ ಲೆನ್ಸ್ ತಗೊಂಡಿದ್ದೇನೆ. ಕೆ.ಆರ್.ಎಸ್. ಹಿನ್ನೀರಿನಲ್ಲಿ ಗರುಡ ಚೆನ್ನಾಗಿ ಸಿಗುತ್ತದೆ. ಆದರೆ ಆಕಾಶದಲ್ಲಿದ್ದಾಗ ಮೈಯೆಲ್ಲ ಕಪ್ಪು. ಕೆಳಗಿಳಿದು ಮರಗಳ ಮುಂದೆ ಬಂದರೆ ಬಿಳಿ ತಲೆಯಲ್ಲಿ ಒಂದು ಗರಿಯೂ ಕಾಣಲ್ಲ. ಅಪರ್ಚರ್ ಮೋಡ್ (ಶಟರ್ ವೇಗವನ್ನು ಕ್ಯಾಮೆರಾ ತಾನೇ ಆರಿಸುತ್ತದೆ), ಆಟೋ ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆಯನ್ನೂ ತಾನೇ ಬದಲಿಸುತ್ತದೆ) ಇಟ್ಟಿದ್ದೇನೆ. 600ರಲ್ಲಿ ಹುಡುಕುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ.

ಉತ್ತರ 1 (ಮೈಸೂರು)
ಶಟರ್ ವೇಗ 1/2000 ಸೆಕೆಂಡಿಗಿಂತ ನಿಧಾನ ಬೇಡ. ಫೋಕಸ್ ಕಂಟಿನ್ಯೂಯಸ್‌ನಲ್ಲಿರಲಿ, ಹಕ್ಕಿ ಚಲಿಸಿದಂತೆ ಹಿಂಬಾಲಿಸುತ್ತದೆ. 600ರಲ್ಲಿ ಹುಡುಕಬೇಡಿ. 300ರಲ್ಲಿ ಹಿಡಿದು, ಫೋಕಸ್ ಕೂತ ಮೇಲೆ ಜೂಮ್ ಮಾಡಿ.

ಉತ್ತರ 2 (ಪಾಂಡವಪುರ)
ತಲೆಯ ವಿಷಯಕ್ಕೆ ಬರುತ್ತೇನೆ, ಗರುಡನ ಅಂದವೇ ಅದಲ್ವಾ? ಕ್ಯಾಮೆರಾ ಅಳೆಯುವುದು ಬರೀ ಹಕ್ಕಿಯನ್ನಲ್ಲ, ಅದರ ಹಿಂದಿರುವುದನ್ನೂ ಸೇರಿಸಿ. ಹಿಂದೆ ಬೆಳಕಿನ ಆಕಾಶ ಬಂದರೆ ಫೋಟೋ ಕಪ್ಪಾಗಿಸುತ್ತದೆ, ಕಡುಹಸಿರು ಮರ ಬಂದರೆ ಬೆಳಗಿಸುತ್ತದೆ. ಆದರೆ ಹಕ್ಕಿಯ ಮೇಲೆ ಬೀಳುವ ಬಿಸಿಲು ಎರಡೂ ಕಡೆ ಒಂದೇ! ಅದಕ್ಕೇ ಪೂರ್ತಿ ಮ್ಯಾನ್ಯುಯಲ್‌ಗೆ (ಎಲ್ಲವನ್ನೂ ನೀವೇ ಹೊಂದಿಸುವ ಮೋಡ್) ಹೋಗಿ, ಆಟೋ ಐಎಸ್ಒ ಕೂಡ ತೆಗೆದುಬಿಡಿ. ಒಳ್ಳೆ ಬಿಸಿಲಿಗೆ ಅಪರ್ಚರ್ ಎಫ್/6.3, ಶಟರ್ 1/2500, ಐಎಸ್ಒ 400ರಿಂದ ಶುರು ಮಾಡಿ. ತಲೆ ಇನ್ನೂ ಬೆಳ್ಳಗಾದರೆ 1/3200. ಮೋಡ ಬಂದರೆ ಮತ್ತೆ ಹೊಂದಿಸಲೇಬೇಕು. ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಕಂದು ರೆಕ್ಕೆಯ ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳಿಯನ್ನು ತರಲಾಗದು.

ಇನ್ನೊಂದು. ಸೂರ್ಯ ಬೆನ್ನಿಗಿರಲಿ, ಗಾಳಿಯೂ ಬೆನ್ನಿಗಿದ್ದರೆ ಇನ್ನೂ ಒಳ್ಳೆಯದು. ದೊಡ್ಡ ಹಕ್ಕಿ ಹೆಚ್ಚಾಗಿ ಗಾಳಿಗೆ ಎದುರಾಗಿಯೇ ಏಳುತ್ತದೆ, ಮುಖ ನಿಮ್ಮ ಕಡೆಗೇ ಸಿಗುತ್ತದೆ.

ಪ್ರಶ್ನೆ ಕೇಳಿದವರು
ಇದು ಯಾರೂ ಹೇಳಿರಲಿಲ್ಲ ಸರ್, ತುಂಬಾ ಥ್ಯಾಂಕ್ಸ್. ಕೋಳಿ ಕರುಳು ಎಸೆದರೆ ಹತ್ತಿರ ಬರುತ್ತವೆ ಅಂತಾರೆ, ಮಾಡಬಹುದಾ?

ಉತ್ತರ 2 (ಪಾಂಡವಪುರ)
ದಯವಿಟ್ಟು ಬೇಡ. ಎಸೆದದ್ದಕ್ಕೆ ಬರುವ ಹಕ್ಕಿ ಜನರ ಹತ್ತಿರ ಬರಲು ಕಲಿಯುತ್ತದೆ, ನಾಯಿಗಳೂ ಸೇರುತ್ತವೆ. ಗೂಡಿನ ಮರದಿಂದಲೂ ದೂರ ಇರಿ. ನಮ್ಮ ಕಡೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಗರುಡ ಗೂಡು ಕಟ್ಟುವ ಕಾಲ.

ಕೈ ಪಳಗಲು ಗದ್ದೆ ಬಯಲಿನ ರಾಮದಾಸ ಹದ್ದು ನೋಡಿ. ಇಲಿ ಹುಡುಕುತ್ತ ಗಾಳಿಗೆ ಎದುರಾಗಿ, ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುತ್ತದೆ. ಫೋಕಸ್ ಹಿಡಿಯಲು ಸಮಯ ಸಿಗುತ್ತದೆ. ಅದೂ ಬಿಳಿ ಹಕ್ಕಿಯೇ, ಎಕ್ಸ್‌ಪೋಶರ್ (ಫೋಟೋಗೆ ಎಷ್ಟು ಬೆಳಕು ಬೇಕೆಂಬುದು) ಅಲ್ಲೇ ಕಲಿಯಬಹುದು. ಬೆಳಿಗ್ಗೆ ಬೇಗ ಹೋಗಿ. ಬಿಸಿಲೇರಿದರೆ ನೆಲದ ಕಾವಿಗೆ ಗಾಳಿ ಅಲೆಯಾಡಿ, ಎಂಥ ಲೆನ್ಸಿದ್ದರೂ ಗರಿ ಮಸುಕಾಗುತ್ತದೆ.