ಅಪ್‌ಡೇಟ್: 95 ಆಕ್ಟೇನ್ ಪೆಟ್ರೋಲ್ ಹಾಕಿಸಿ ನೋಡಿದೆ

ದುಬಾರಿ ಪೆಟ್ರೋಲ್ ಹಾಕಿಸಿದರೆ ಮೈಲೇಜ್ ಜಾಸ್ತಿ ಬರುತ್ತಾ ಅಂತ ಇಲ್ಲಿ ಕೇಳಿದ್ದೆ, ಬರಲ್ಲ ಅಂತ ನೀವು ಹೇಳಿದ್ರಿ ಅಲ್ವಾ? ಸುಮ್ನೆ ವಾದ ಯಾಕೆ ಅಂತ ನೋಡಿಯೇ ಬಿಟ್ಟೆ. ನನ್ನದು ಹಳೇ ವ್ಯಾಗನ್ ಆರ್. ಎರಡು ಟ್ಯಾಂಕ್ ಸಾದಾ 91 ಆಕ್ಟೇನ್, ಎರಡು ಟ್ಯಾಂಕ್ ಎಕ್ಸ್‌ಪಿ95 (ಇಂಡಿಯನ್ ಆಯಿಲ್‌ನ ದುಬಾರಿ 95 ಆಕ್ಟೇನ್ ಪೆಟ್ರೋಲ್). ಅದೇ ಬೆಂಗಳೂರು–ಹಾಸನ ದಾರಿ, ಅದೇ ಬಂಕ್. ಪ್ರತಿ ಸಲ ಒಂದೇ ಮಟ್ಟಕ್ಕೆ ತುಂಬಲಿ ಅಂತ ನಾಜಲ್ ಮೊದಲ ಸಲ ಕಟ್ ಆದ ಕೂಡಲೇ ನಿಲ್ಲಿಸುತ್ತಿದ್ದೆ. (ಬಂಕ್ ಹುಡುಗ ಪ್ರತಿ ಸಲ 'ರೌಂಡ್ ಫಿಗರ್ ಮಾಡ್ಲಾ ಸಾರ್?')

ಸಾದಾದಲ್ಲಿ ಲೀಟರಿಗೆ 18.6 ಕಿ.ಮೀ., 95ರಲ್ಲಿ 18.8. ನೆಲಮಂಗಲದಲ್ಲಿ ಒಂದು ಜಾಮ್ ಸಿಕ್ಕರೂ ಇಷ್ಟು ವ್ಯತ್ಯಾಸ ಬರುತ್ತದೆ. ನೀವು ಹೇಳಿದ್ದೇ ಸರಿ: ಆಕ್ಟೇನ್ ಅಂದರೆ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಇಂಜಿನ್ ಟಕಟಕ ಬಡಿಯುವುದು) ತಡೆಯುವ ಗುಣ, ಪೆಟ್ರೋಲಿನ ಕಸುವಲ್ಲ. ನನ್ನ ಇಂಜಿನ್‌ಗೆ 91 ಸಾಕು.

ಅಂದಹಾಗೆ, ಮೈಲೇಜ್ ವಿಷಯಕ್ಕೇ ನಿನ್ನೆ ಟೈರ್ ಗಾಳಿ ನೋಡಿಸಿದೆ. 33 ಇರಬೇಕಾದ ಕಡೆ 26! ತುಂಬಿಸಿದ್ದೇನೆ, ಭಾನುವಾರ ಮತ್ತೆ ಹಾಸನ.